ಒಗೆಯಬಾರದಿದ್ದ ಕೋಟು

ಉಡುಪಿನ ಕೋಣೆಯ ಬಾಗಿಲು ತೆರೆದ ಸೂಜಿಗೆ ಮೊದಲು ಕಂಡದ್ದು ಒಬ್ಬ ಗಂಡಸಿನ ಬೆನ್ನು. ಆಮೇಲೆ ಕಂಡದ್ದು, ಆ ಗಂಡಸು ಒಂದು ನೀಲಿ ನಿಲುವಂಗಿಯ ಕಂಕುಳಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಳ್ಳುತ್ತಿದ್ದದ್ದು.

ಥೂ...

ಹತ್ತು ವರ್ಷದಿಂದ ಈ ನಾಟಕ ಸಂಘದ ಉಡುಪಿನ ಕೋಣೆ ಅವಳದು. ಗೋಡೆಯುದ್ದಕ್ಕೂ ತೂಗುವ ರಾಜರು, ಪೊಲೀಸರು, ಮುದುಕಿಯರು ಎಲ್ಲರ ಗುಂಡಿ ಹೊಲಿದವಳು ಅವಳೇ. ನಾಲಿಗೆಯೂ ಚುಚ್ಚುತ್ತಿದ್ದುದರಿಂದ ಸಂಘದವರಿಗೆಲ್ಲ ಅವಳು ಸೂಜಿ. ಅವಳ ನಿಜವಾದ ಹೆಸರು ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ.

“ಏನ್ರೀ ಮಾಡ್ತಿದ್ದೀರಾ?”

ಅವನು ಬೆಚ್ಚಿಬೀಳಲಿಲ್ಲ. ಅದು ಅವಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

“ಮೂಸ್ತಾ ಇದೀನಿ ಮೇಡಂ.”

“ಅದು ಕಾಣ್ತಿದೆ. ನಾಚಿಕೆ ಆಗಲ್ವಾ?”

ಅವನು ಕಿಸೆಯಿಂದ ಒಂದು ಚೀಟಿ ತೆಗೆದು ತೋರಿಸಿದ. ಮೂಲೆಯ ಲಾಂಡ್ರಿಯವನಂತೆ. ಸಂಘದ ಕಾರ್ಯದರ್ಶಿ ಮೇಷ್ಟ್ರು ಕಳಿಸಿದ್ದಂತೆ, ಎಲ್ಲ ಉಡುಪೂ ಒಗೆಯಬೇಕಂತೆ. ಮೂಸದೆ ಒಗೆಯುವುದಕ್ಕಾಗುವುದಿಲ್ಲ ಎಂದು ಅವನು ಸಮಾಧಾನವಾಗಿ ವಿವರಿಸಿದ. ಬೆವರಿಗೆ ತಣ್ಣೀರು, ಜಿಡ್ಡಿಗೆ ಬಿಸಿನೀರು. ಅದಲುಬದಲಾದರೆ ಕೊಳೆ ಬಟ್ಟೆಯಲ್ಲೇ ಕೂತುಬಿಡುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಮೂಗಿಗೆ ಮಾತ್ರ ಬೇರೆ ಬೇರೆ.

“ಇದನ್ನ ಹಾಕ್ಕೊಂಡಿದ್ದೋರು ತುಂಬಾ ಹೆದರಿದ್ರು,” ಎಂದ ಅವನು, ನೀಲಿ ನಿಲುವಂಗಿ ನೋಡುತ್ತಾ. “ಕೆಲಸ ಮಾಡಿ ಬರೋ ಬೆವರು ಬೇರೆ, ಭಯಕ್ಕೆ ಬರೋದು ಬೇರೆ. ಭಯದ್ದು ಹುಳಿ ಹುಳಿ. ವರ್ಷಗಟ್ಲೆ ಹೋಗಲ್ಲ.”

ಸೂಜಿ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಎದೆಗೆ ಅವುಚಿಕೊಂಡಳು.

ಅದು ಅವಳದೇ ನಿಲುವಂಗಿ. ಎಂಟು ವರ್ಷದ ಹಿಂದೆ ಒಂದೇ ಒಂದು ಸಲ ಅವಳು ರಂಗದ ಮೇಲೆ ಹೋಗಿದ್ದಳು. ಮುನ್ನೂರು ಜನರೆದುರು ಮಾತು ಮರೆತು, ಕಂಬದಂತೆ ನಿಂತು, ಕಡೆಗೆ ಓಡಿಬಂದಿದ್ದಳು. ಆ ಬಟ್ಟೆಯನ್ನು ಪೆಟ್ಟಿಗೆಯ ತಳಕ್ಕೆ ತುರುಕಿದವಳು ಮತ್ತೆ ಮುಟ್ಟಿರಲಿಲ್ಲ. ಈಗ ಯಾವನೋ ಅಪರಿಚಿತ ಬಂದು ಅವಳ ಅವಮಾನವನ್ನು ಮೂಗಿನಲ್ಲೇ ಹೆಕ್ಕಿ ತೆಗೆದಿದ್ದ... ಹೇಸಿಗೆ ಹೇಸಿಗೆ!

“ಇದೊಂದನ್ನ ಮುಟ್ಬೇಡಿ.”

“ಆಯ್ತು. ನೀವು ಹೇಳೋವರೆಗೂ ಮುಟ್ಟಲ್ಲ,” ಎಂದ ಅವನು.

ಇಷ್ಟೆಲ್ಲ ಒಗೆತ ಯಾಕೆ ಎಂದು ಕೇಳುತ್ತೀರಾ? ಸಂಘ ಈ ವರ್ಷ ನಾಲ್ಕು ನಾಟಕ ಆಡುವುದಾಗಿ ಹೇಳಿಕೊಂಡಿತ್ತು, ಆದರೆ ಕೈಯಲ್ಲಿ ಕಾಸಿರಲಿಲ್ಲ. ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಊರಿನವರನ್ನು ಕರೆದು, ಉಡುಪುಗಳ ಪ್ರದರ್ಶನ ಇಟ್ಟು, ಮೊದಲ ನಾಟಕದ ಒಂದು ದೃಶ್ಯ ಆಡಿ ತೋರಿಸಿ, ವರ್ಷದ ಪಾಸು ಮಾರುವುದು ಎಂದಾಗಿತ್ತು. ಇನ್ನೂರು ಪಾಸು ಹೋಗದಿದ್ದರೆ ಈ ಸಭಾಂಗಣ ಪಕ್ಕದ ಪೀಠೋಪಕರಣದ ಅಂಗಡಿಗೆ ಗೋದಾಮು. ಸೂಜಿಯ ಕೋಣೆಯಲ್ಲಿ ಹಾಸಿಗೆ ಪೇರಿಸುತ್ತಾರೆ. ಅವಳಿಗೆ ಈ ಕೋಣೆ ಬಿಟ್ಟರೆ ತನ್ನದು ಎನ್ನುವ ಜಾಗ ಭೂಮಿಯ ಮೇಲೆ ಬೇರೆ ಇರಲಿಲ್ಲ.

ಪಾಸು ಎಷ್ಟೇ ಹೋಗಲಿ, ಅರ್ಧ ಖರ್ಚು ನನ್ನದು ಎಂದು ಮುಂದೆ ಬಂದಿದ್ದವನು ಸೋಪಿನ ಸಾಹುಕಾರ. ಅವನನ್ನು ನೋಡಿದರೇ ಸೂಜಿಗೆ ಮೈ ಉರಿಯುತ್ತಿತ್ತು. ಅವನು ಬಂದುಹೋದ ಮೇಲೆ ಗಂಟೆಗಟ್ಟಲೆ ಸೆಂಟಿನ ವಾಸನೆ. ಮಾತಿಗೊಮ್ಮೆ ಹೆಣ್ಣುಮಕ್ಕಳ ಕೆನ್ನೆ ತಟ್ಟುವ ಒದ್ದೆ ಒದ್ದೆ ಕೈ. ಎದುರಿಗೆ ಕೂತು ಹಲ್ಲುಕಿರಿಯುವ ಮೇಷ್ಟ್ರನ್ನು ಕಂಡರಂತೂ ಅವಳಿಗೆ ಇನ್ನೂ ಅಸಹ್ಯ.

ಆದರೂ ಅವಳಿಗೊಂದು ಧೈರ್ಯವಿತ್ತು. ಅದು ಮೊದಲ ನಾಟಕದ ಭಿಕ್ಷುಕನ ಕೋಟು.

ಕೊಳೆ ಮಾಡುವುದು ಸುಲಭ ಅಂದುಕೊಂಡಿದ್ದರೆ ಒಮ್ಮೆ ಮಾಡಿ ನೋಡಿ. ಮಣ್ಣಲ್ಲಿ ಹೊರಳಿಸಿದರೆ ಅದು ಮಣ್ಣಾದ ಹೊಸ ಕೋಟಷ್ಟೆ. ಸೂಜಿ ಮೂರು ವಾರ ಅದರ ಜೊತೆ ಗುದ್ದಾಡಿದ್ದಳು. ಸ್ಯಾಂಡ್ ಪೇಪರಿನಿಂದ ಅಂಚು ತಿಕ್ಕಿ, ಚಹಾದಲ್ಲಿ ನೆನೆಸಿ, ಮೇಣ ಸವರಿ, ಬೂದಿ ಉಜ್ಜಿ, ಅಂಟು ಬಳಿದು ಒಣಗಿಸಿ ಮತ್ತೆ ಕೆರೆದು... ಕಡೆಗೆ ಅದನ್ನು ನೋಡಿದರೆ ಮೈ ತುರಿಸುವಂತಾಗಿತ್ತು. ಭಿಕ್ಷುಕನ ಪಾತ್ರದ ಅಂಚೆಯಣ್ಣ, ಅಂದರೆ ಊರಿಗೆಲ್ಲ ಕಾಗದ ಹಂಚುವವನು, ಅದನ್ನು ಹಾಕಿಕೊಂಡ ದಿನವೇ ಅವನ ನಡಿಗೆ ಬದಲಾಗಿತ್ತು.

ಲಾಂಡ್ರಿಯವನು ಮತ್ತೆರಡು ಸಲ ಗಂಟು ಒಯ್ಯಲು ಬಂದ. ಬ್ಲೀಚಿಗೆ ಬೆಳ್ಳಗಾಗಿ ಸಿಪ್ಪೆ ಸುಲಿದ ಅವನ ಬೆರಳ ತುದಿ ನೋಡಿ ಸೂಜಿ ಮುಖ ತಿರುಗಿಸಿದಳು. ಆಮೇಲೆ ಮತ್ತೊಮ್ಮೆ ನೋಡಿದಳು. ಒಂದು ಕಾಲರ್ ನೋಡಿದರೆ ಆ ಮನುಷ್ಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುತ್ತಾನೋ ಇಲ್ಲವೋ ಹೇಳಬಲ್ಲೆ ಎಂದ ಅವನು. ಅವಳಿಗೆ ನಗು ಬಂತು. ‘ಇವನ ಜೊತೆ ನಗ್ತಿದೀನಲ್ಲ, ನನಗೇನಾಗಿದೆ?’ ಎಂದುಕೊಂಡಳು. ನೀಲಿ ನಿಲುವಂಗಿ ಇಟ್ಟಲ್ಲೇ ಇತ್ತು, ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ. ಅದು ಅವಳಿಗೆ ಯಾಕೋ ಹಿತವಾಯಿತು.

ಸೋಮವಾರ ಗಂಟುಗಳು ವಾಪಸು ಬಂದವು.

ಸಾಲಿನ ಕೊನೆಯಲ್ಲಿ, ಪ್ಲಾಸ್ಟಿಕ್ ಹೊದಿಕೆಯೊಳಗೆ, ಗರಿಗರಿ ಇಸ್ತ್ರಿಯಾಗಿ ತೂಗುತ್ತಿತ್ತು ಒಂದು ಕೋಟು. ಶುಭ್ರವಾಗಿತ್ತು. ಮಲ್ಲಿಗೆ ಸೋಪಿನ ಘಮಘಮ. ಅದು ಯಾರದು ಎಂದು ಗುರುತಿಸಲು ಸೂಜಿಗೆ ಅರ್ಧ ನಿಮಿಷ ಬೇಕಾಯಿತು.

ಮೂರು ವಾರ... ಅವಳ ಮೂರು ವಾರ ಚರಂಡಿಯಲ್ಲಿ ಹರಿದುಹೋಗಿತ್ತು.

ತಾಲೀಮಿಗೆ ಬಂದವರೆಲ್ಲ ಸುತ್ತ ನಿಂತಿದ್ದರು. ಅವಳು ಹೊದಿಕೆ ಹರಿದು, ಕೋಟನ್ನು ತೆಗೆದು ಲಾಂಡ್ರಿಯವನ ಮುಖಕ್ಕೇ ಎಸೆದಳು.

“ಕೊಳೆ ಕಂಡ್ರೆ ಸಾಕು ತಿಕ್ಕೋದೊಂದೇ ಗೊತ್ತಲ್ವಾ ನಿಮಗೆ? ಕಂಡೋರ ಹೊಲಸು ಮೂಸಿ ಬದುಕೋನಿಗೆ ನಾಟಕ ಅಂದ್ರೇನು ತಿಳಿಯತ್ತೆ? ನಿಮ್ಮನ್ನ ನೋಡಿದ್ರೆ ವಾಕರಿಕೆ ಬರುತ್ತೆ ನನಗೆ.”

ಅವನ ಮುಖ ಕಪ್ಪಿಟ್ಟಿತು. ಅವನು ಒಮ್ಮೆ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ತಲೆ ಮೇಲಿನ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

“ತೊಳೆದೋನು ನಾನು,” ಎಂದ ಲಾಂಡ್ರಿಯವನು. “ತಪ್ಪು ನಂದು.”

ಕೋಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟುಹೋದ.

ಸೂಜಿ ಬೇರೊಂದು ಕೋಟು ಹಿಡಿದು ಕೂತಳು. ಚಹಾ, ಬೂದಿ, ಮೇಣ ಎಲ್ಲ ಸುರಿದರೂ ಅದು ಚಹಾ ಚೆಲ್ಲಿಕೊಂಡ ಗುಮಾಸ್ತನ ಕೋಟಿನಂತೆಯೇ ಕಾಣುತ್ತಿತ್ತು. ಮಂಗಳವಾರ, ಬುಧವಾರ, ಗುರುವಾರ... ಅವನ ಮೇಲಿನ ಹೇಸಿಗೆ ಗಂಟಲಲ್ಲೇ ನಿಂತಿತ್ತು. ಆದರೆ ‘ತಪ್ಪು ನಂದು’ ಎಂದಾಗಿನ ಅವನ ಮುಖವೂ ಅದರ ಪಕ್ಕದಲ್ಲೇ ನಿಂತಿತ್ತು.

ಶುಕ್ರವಾರ ಚಿಕ್ಕಮ್ಮ ಒಂದು ಹಾಳೆ ತಂದು ಅವಳ ಮುಂದಿಟ್ಟಳು. ಸೂಜಿಯನ್ನು ಸಾಕಿದವಳು ಈ ಚಿಕ್ಕಮ್ಮನೇ; ಸಂಘದಲ್ಲಿ ಎಲ್ಲರಿಗೂ ಬಣ್ಣ ಹಚ್ಚುವವಳೂ ಅವಳೇ. ಅದು ಲಾಂಡ್ರಿಗೆ ಕಳಿಸಿದ ಬಟ್ಟೆಗಳ ಪಟ್ಟಿ.

“ಎಲ್ಲಾ ನಿನ್ನ ಅಕ್ಷರ. ಕಡೇ ಸಾಲು ಯಾರದು ನೋಡು.”

‘ಭಿಕ್ಷುಕನ ಕೋಟು. ಪೂರ್ತಿ ಬೆಳ್ಳಗಾಗಬೇಕು.’ ದುಂಡಗಿನ, ಮುದ್ದಾದ, ಬೋರ್ಡಿನ ಮೇಲೆ ಬರೆದು ಪಳಗಿದ ಅಕ್ಷರ.

ಸೂಜಿ ಹಾಳೆ ಹಿಡಿದು ಮೇಷ್ಟ್ರ ಮುಂದೆ ಹೋಗಿ ನಿಂತಳು. ಅವರು ಹೆಚ್ಚು ಹೊತ್ತು ಸತಾಯಿಸಲಿಲ್ಲ. ತನ್ನ ಸೋಪಿನ ಹೆಸರಿರುವ ವೇದಿಕೆಯ ಮೇಲೆ ಗಲೀಜು ಭಿಕ್ಷುಕ ಬೇಡ, ಶುಚಿಯಾದ ಭಿಕ್ಷುಕ ಇರಲಿ ಎಂದು ಸಾಹುಕಾರ ಹೇಳಿದ್ದನಂತೆ. ಇದು ಬೇಕೆಂದೇ ಮಾಡಿದ ಕೊಳೆ, ಒಗೆಯಬಾರದು ಎಂದು ಲಾಂಡ್ರಿಯವನು ಎರಡು ಸಲ ಬಂದು ಹೇಳಿದನಂತೆ.

“ಸೂಜಿನೇ ಒಪ್ಪಿದಾಳೆ ಅಂದ್ಬಿಟ್ಟೆ ಕಣಮ್ಮಾ,” ಎಂದರು ಮೇಷ್ಟ್ರು. “ಅವನು ನನ್ನ ಶಿಷ್ಯ. ಅಷ್ಟು ಜನರ ಮುಂದೆ ನನ್ನನ್ನ ಬಿಟ್ಟುಕೊಡಲಿಲ್ಲ.”

ಅವಳಿಗೆ ವಾಕರಿಕೆ ಬಂದದ್ದು ನಿಜ. ಈ ಸಲ ಅದು ತನ್ನ ನಾಲಿಗೆಯ ಮೇಲೆ.

ಲಾಂಡ್ರಿ ಇನ್ನೂ ಹತ್ತು ಹೆಜ್ಜೆ ದೂರವಿರುವಾಗಲೇ ವಾಸನೆ ಬಂತು. ಗಿರಾಕಿಗಳು ಅಂಗಡಿಯೊಳಗೆ ಕಾಲಿಡದೆ ಬೀದಿಯಲ್ಲೇ ನಿಂತು ಬಟ್ಟೆ ಈಸಿಕೊಳ್ಳುತ್ತಿದ್ದರು. ಒಳಗೆ ಹಬೆ. ಆ ಹಬೆಯ ನಡುವೆ, ಬೆವರು ಸುರಿಸುತ್ತಾ ಅವನು ಇಸ್ತ್ರಿ ತಿಕ್ಕುತ್ತಿದ್ದ. ಮೈಮೇಲೆ ದಪ್ಪನೆಯ ಉಣ್ಣೆಯ ಕೋಟು.

ಅದೇ ಕೋಟು.

“ಏನ್ರೀ ಇದು?” ಸೂಜಿ ಸೆರಗು ಮೂಗಿಗೆ ಒತ್ತಿಕೊಂಡಳು.

“ಮಂಗಳವಾರದಿಂದ ಬಿಚ್ಚಿಲ್ಲ. ಮಲಗೋವಾಗ್ಲೂ ಇದರಲ್ಲೇ,” ಎಂದ ಅವನು. “ಹತ್ರ ಬರಬೇಡಿ, ತಡ್ಕೊಳಕ್ಕಾಗಲ್ಲ.”

ಅವಳು ಹತ್ತಿರ ಹೋದಳು. ತಡೆದುಕೊಳ್ಳಲಾಗಲಿಲ್ಲ. ಬಾಗಿಲಿಗೆ ಓಡಿ, ಚೌಕಟ್ಟು ಹಿಡಿದು, ಎರಡು ಸಲ ಓಕರಿಸಿದಳು. ಕಣ್ಣಲ್ಲಿ ನೀರು ಬಂತು. ಆ ನೀರು ಬರೀ ಓಕರಿಕೆಯದಲ್ಲ ಎಂಬುದು ಅವಳಿಗೂ ತಿಳಿಯಿತು. ಬಾಯಿ ಒರೆಸಿಕೊಂಡು ಮತ್ತೆ ಒಳಗೆ ಬಂದಳು.

“ಮೇಷ್ಟ್ರು ಎಲ್ಲಾ ಹೇಳಿದ್ರು. ನಾನು ಅವತ್ತು ಅಂದಿದ್ದು...”

“ಅದಿರಲಿ, ಇಲ್ಲಿ ನೋಡಿ.” ಅವನು ಬಲತೋಳು ಚಾಚಿದ. “ನಿಮ್ಮ ಕೊಳೆ ಚೆನ್ನಾಗಿತ್ತು. ಆದ್ರೆ ನೀವು ಮೊಣಕೈಗೆ ಹಾಕಿದ್ರಿ. ಕೈ ಚಾಚಿ ಕೂರೋನಿಗೆ ಮೊಣಕೈ ಅಲ್ಲ, ಮಣಿಕಟ್ಟು ಸವೆಯತ್ತೆ. ಇಲ್ಲಿ ಮೂಗು ಒರೆಸ್ತಾನೆ. ಚಳಿಗೆ ಕೈ ಇಟ್ಕೊಳ್ಳೋದು ಈ ಕಂಕುಳಲ್ಲಿ, ಇಲ್ಲಿ ಜಿಡ್ಡು. ಇಪ್ಪತ್ತು ವರ್ಷದಿಂದ ಇದನ್ನೇ ತಾನೇ ತೊಳೀತಿರೋದು.”

ಅಸಹ್ಯ... ಎಷ್ಟು ಅಸಹ್ಯವೋ ಅಷ್ಟೇ ಸರಿಯಾಗಿತ್ತು ಅದು. ಆ ಕೋಟಿನೊಳಗೆ ಒಬ್ಬ ಮನುಷ್ಯ ಚಳಿ ಕಾಯುತ್ತಾ ಕೂತಿದ್ದ. ಸೂಜಿಯ ಮೂರು ವಾರದಲ್ಲಿ ಆ ಮನುಷ್ಯ ಇರಲೇ ಇಲ್ಲ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಚಹಾ ಕಾಯಿಸು, ಬೂದಿ ತಾ ಎಂದು ಅವನಿಗೇ ಹುಕುಂ ಮಾಡಿದಳು. ಹೊತ್ತು ಇಳಿಯುವವರೆಗೆ ಇಬ್ಬರೂ ಅದರ ಮೇಲೆ ದುಡಿದರು. ಅವಳು ಮೂರು ಸಲ ಹೊರಗೆ ಹೋಗಿ ಓಕರಿಸಿ ಬಂದಳು. ಪ್ರತಿ ಸಲವೂ ಅವನು ಒಂದು ಲೋಟ ನೀರು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದ.

ಭಾನುವಾರ ಸಭಾಂಗಣ ತುಂಬಿತ್ತು. ಕೋಟು ಹಾಕಿಕೊಂಡ ಅಂಚೆಯಣ್ಣ, ಇವತ್ತು ಮನೆಗೆ ಹೋದರೆ ನಾಯಿಯೂ ಒಳಗೆ ಬಿಡುವುದಿಲ್ಲ ಎಂದು ಗೊಣಗಿದ. ಆದರೆ ಅವನು ಪ್ರೇಕ್ಷಕರ ನಡುವಿನ ದಾರಿಯಲ್ಲಿ ಕಾಲೆಳೆಯುತ್ತಾ ಬಂದಾಗ ಎರಡೂ ಕಡೆಯವರು ತಮಗೇ ಗೊತ್ತಿಲ್ಲದೆ ಕುರ್ಚಿ ಸರಿಸಿ ದೂರವಾದರು. ಅಮ್ಮಂದಿರು ಮಕ್ಕಳನ್ನು ಎಳೆದುಕೊಂಡರು. ಅವನು ಮುಂದಿನ ಸಾಲಿಗೆ ಬಂದು ಸೋಪಿನ ಸಾಹುಕಾರನ ಮುಂದೆ ಕೈ ಚಾಚಿದ.

ಸಾಹುಕಾರ ಕರವಸ್ತ್ರ ಮೂಗಿಗೆ ಒತ್ತಿಕೊಂಡು ಎದ್ದ. ಇದೇನು ಅಸಹ್ಯ, ನನ್ನ ಒಂದು ಕಾಸೂ ಇಲ್ಲಿಗಿಲ್ಲ ಎಂದು ಕೂಗಿ ಹೊರಟೇಹೋದ.

ಪರದೆಯ ಸಂದಿಯಿಂದ ಸೂಜಿ ಅದನ್ನು ನೋಡಿದಳು. ಮುಗಿಯಿತು...

ಅಂಚೆಯಣ್ಣ ಒಂದು ಗಳಿಗೆ ಖಾಲಿ ಕುರ್ಚಿಯನ್ನು ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಅದರಲ್ಲಿ ಕೂತ. ನಾಟಕದಲ್ಲಿ ಹಾಗಿರಲಿಲ್ಲ. ಪಕ್ಕದ ಕುರ್ಚಿಯ ಹೆಂಗಸು ಮೂಗು ಮುಚ್ಚಲು ಎತ್ತಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ, ನಾಚಿ ಇಳಿಸಿಬಿಟ್ಟಳು. ಅದನ್ನು ಎಲ್ಲರೂ ಕಂಡರು. ಸಭಾಂಗಣ ಗಪ್‌ಚಿಪ್ಪಾಯಿತು. ಆ ಮೌನದಲ್ಲೇ ದೃಶ್ಯ ಕೊನೆಯವರೆಗೂ ನಡೆಯಿತು.

ಪಾಸಿನ ಮೇಜಿನ ಹಿಂದೆ ಮೇಷ್ಟ್ರು ತಲೆ ಎತ್ತದೆ ಬರೆಯುತ್ತಾ ಕೂತರು. ಸಂಜೆಯ ಹೊತ್ತಿಗೆ ಇನ್ನೂರು ದಾಟಿತು. ಸಾಹುಕಾರನ ಪಾಲಿಲ್ಲದೆ ಒಂದು ನಾಟಕ ಬಿಡಬೇಕಾಯಿತು, ಮೂರು ಉಳಿದವು. ಉಡುಪಿನ ಕೋಣೆಯೂ ಉಳಿಯಿತು.

ಎಲ್ಲರೂ ಹೋದ ಮೇಲೆ ಸೂಜಿ ಆ ಕೋಣೆಯಲ್ಲಿ ನೀಲಿ ನಿಲುವಂಗಿ ಹಿಡಿದು ನಿಂತಿದ್ದಳು. ಅವನು ಒಳಗೆ ಬಂದ. ನಾಲ್ಕು ದಿನದ ಕೊಳೆ ತಿಕ್ಕಿ ತಿಕ್ಕಿ ಮುಖ ಕೆಂಪಗಾಗಿತ್ತು.

“ಇದನ್ನ ತೊಳೆದುಕೊಡ್ತೀರಾ?” ಎಂದಳು. “ಹೆದರಿದ್ದು ನಾನೇ. ಎಂಟು ವರ್ಷದಿಂದ ಯಾರ ಹತ್ರಾನೂ ಆ ಮಾತೆತ್ತಿಲ್ಲ.”

“ಗೊತ್ತಿತ್ತು.”

“ಹೇಗೆ?”

“ಅವತ್ತು ಕೈಯಿಂದ ಕಿತ್ಕೊಂಡ್ರಲ್ಲ. ಬೇರೆಯವರ ಬಟ್ಟೆನ ಯಾರೂ ಹಾಗೆ ಎದೆಗೆ ಅವುಚಿಕೊಳ್ಳಲ್ಲ.”

ನಾಚಿಕೆಯಿಂದ ಕುಸಿದುಹೋಗಬೇಕಿತ್ತು ಅವಳು. ಹಾಗಾಗಲಿಲ್ಲ. ಎಂಟು ವರ್ಷದಿಂದ ಹೊತ್ತ ಗಂಟನ್ನು ಕೆಳಗಿಟ್ಟಂತೆ ಹಗುರವಾಯಿತು.

ಅವನು ನಿಲುವಂಗಿಯನ್ನು ಎರಡೂ ಕೈಯಲ್ಲಿ ಈಸಿಕೊಂಡ. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಸೂಜಿ ಇನ್ನೆರಡು ಹೆಜ್ಜೆ ಮುಂದೆ ಬಂದು, ಅವನ ಒಗೆದ ಅಂಗಿಯ ಹೆಗಲಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಂಡಳು.

ಅವನು ಅಲುಗಾಡದೆ ನಿಂತ.

“ಏನು ಗೊತ್ತಾಯ್ತು?”

“ಹುಳಿ ಹುಳಿ,” ಎಂದಳು. “ತುಂಬಾ ಹೆದರಿದೀಯ ನೀನು.”

“ಹೌದು,” ಎಂದ ಅವನು. “ಬೇಡ ಅಂದ್ಬಿಟ್ರೆ ಏನು ಮಾಡೋದು ಅಂತ.”

ಅವಳು ಮೂಗು ತೆಗೆಯಲಿಲ್ಲ.

“ಬೇಡ ಅನ್ನಲ್ಲ. ಆದ್ರೆ ಇನ್ನೊಂದ್ಸಲ ಸ್ನಾನ ಮಾಡ್ಕೊಂಡು ಬಾ... ಚಿಕ್ಕಮ್ಮನ್ನ ಕೇಳಬೇಕಲ್ಲ.”