ಎರಡು ಬೆರಳು ಎತ್ತರ

ವಿನೋದಿನಿ ಟೀಚರ್ ಸೈಕಲ್ಲಿನಿಂದ ಬಿದ್ದದ್ದು ಸಿದ್ದಲಿಂಗಪ್ಪನಿಂದ. ಅದು ಗೊತ್ತಿದ್ದದ್ದು ಸಿದ್ದಲಿಂಗಪ್ಪನೊಬ್ಬನಿಗೇ. ಐವತ್ತೇಳು ವರ್ಷದ ಗಂಡಸು, ಪರೇಲಿನ ಮಿಲ್ಲಿನಲ್ಲಿ ಫಿಟ್ಟರ್, ಕೆಟ್ಟ ಯಂತ್ರ ಯಾವುದೇ ಇರಲಿ ಅರ್ಧ ದಿನದಲ್ಲಿ ಸರಿಮಾಡುವವನು, ಸರಿಯಾಗಿದ್ದ ಒಂದು ಸೀಟಿಗೆ ಕೈಹಾಕಿ ಎಲ್ಲ ಕೆಡಿಸಿಕೊಂಡ. ಅದೂ ಪ್ರೀತಿಯಿಂದ! ಬಾಯಿಬಿಟ್ಟು ಹೇಳುವ ಧೈರ್ಯ ಇಲ್ಲದವರು ಹೀಗೇ, ನಟ್ಟು ಬಿಗಿಯುವ ಪಾನಾ ಹಿಡಿದುಕೊಂಡು ಓಡಾಡುತ್ತಾರೆ.

ಅದು ೧೯೭೪ರ ಜನವರಿ. ಪೆಟ್ರೋಲ್ ತುಟ್ಟಿಯಾಗಿ ಕಾರಿನವರೂ ಸೈಕಲ್ಲಿನ ಕಡೆ ಕಣ್ಣು ಹಾಯಿಸುತ್ತಿದ್ದ ಕಾಲ. ಆದರೆ ಇವರ ಭಾನುವಾರದ ಸವಾರಿ ಅದಕ್ಕಿಂತ ಹಳೆಯದು, ಅರವತ್ತೆಂಟರಿಂದ ನಡೆದು ಬಂದದ್ದು. ಇದ್ದವರು ಮೂವರೇ. ಸಯನ್ ಸ್ಟೇಷನ್ ಹತ್ತಿರ ಪುಟ್ಟ ಹೋಟೆಲ್ ಇಟ್ಟಿದ್ದ ಉಡುಪಿ ಕಡೆಯ ದೂಜ; ಹೆಂಡತಿ ತೀರಿಕೊಂಡು ಹನ್ನೊಂದು ವರ್ಷವಾಗಿದ್ದ, ಗದಗಿನ ಸಿದ್ದಲಿಂಗಪ್ಪ; ಮತ್ತೆ ಮುನಿಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ವಿನೋದಿನಿ. ಅವಳಿಗೆ ಐವತ್ತೆರಡು, ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲಿದ್ದಳು. ಬೆಳಿಗ್ಗೆ ಐದೂವರೆಗೆ ದೂಜನ ಹೋಟೆಲಿನಲ್ಲಿ ಚಹಾ, ಆಮೇಲೆ ಕುರ್ಲಾ, ಘಾಟ್ಕೋಪರ್, ವಿಕ್ರೋಳಿ ದಾಟಿ ಪವಾಯಿ ಕೆರೆ. ಆಗಿನ ಪವಾಯಿ ಎಂದರೆ ಕೆರೆ, ಗುಡ್ಡ, ಹುಲ್ಲು, ಆಚೆಗೆ ಐಐಟಿ. ಘಾಟ್ಕೋಪರ್ ದಾಟಿದರೆ ನಿಮ್ಮ ಚೈನಿನ ಸದ್ದು ನಿಮಗೇ ಕೇಳಿಸುತ್ತಿತ್ತು. ಈಗ ಹೇಳಿದರೆ ಯಾರು ನಂಬುತ್ತಾರೆ?

ಸೈಕಲ್ ಮೇಲೆ ಮೂವರಿಗೂ ಇದ್ದದ್ದು ಹುಚ್ಚೇ. ಸಿದ್ದಲಿಂಗಪ್ಪ ಪ್ರತಿ ಶನಿವಾರ ಸಂಜೆ ಚಾಳಿನ ಪಡಸಾಲೆಯಲ್ಲಿ ತನ್ನ ಸೈಕಲ್ ತಲೆಕೆಳಗು ಮಾಡಿ, ಮಿಲ್ಲಿನ ಹತ್ತಿ ಚಿಂದಿಯಿಂದ ಕಡ್ಡಿ ಕಡ್ಡಿ ಒರೆಸುತ್ತಿದ್ದ. ನೆರೆಯವರು, “ಏನಪಾ, ಮಗಳಿಗೆ ಎಣ್ಣಿ ಹಚ್ಚಾಕತ್ತಿಯೇನು?” ಎಂದು ಕೇಳಿದರೆ ನಗುತ್ತಿದ್ದ. ವಿನೋದಿನಿಯದು ಕಪ್ಪು ಲೇಡೀಸ್ ಸೈಕಲ್, ಸೀರೆ ಸಿಕ್ಕಬಾರದೆಂದು ಹಿಂದಿನ ಚಕ್ರಕ್ಕೆ ಬಲೆ ಹಾಕಿದ್ದು. ಹುಡುಗಿಯಾಗಿದ್ದಾಗ ಅಣ್ಣ ಮಧ್ಯಾಹ್ನ ಮಲಗಿದ ಹೊತ್ತು ಅವನ ಸೈಕಲ್ ಕದ್ದು ಕಲಿತವಳು ಅವಳು. ಮೊಣಕೈಯ ಗಾಯಕ್ಕೆ ಮನೆಯಲ್ಲಿ ದಿನಕ್ಕೊಂದು ಸುಳ್ಳು ಹೇಳುತ್ತಿದ್ದಳಂತೆ.

ಅವಳು ಸೈಕಲ್ ನಿಲ್ಲಿಸುವ ರೀತಿಯೇ ಬೇರೆ. ಸೀಟಿನಿಂದ ಇಳಿಯುತ್ತಿರಲಿಲ್ಲ. ಕೂತಲ್ಲೇ ಎರಡೂ ಪಾದ ನೆಲಕ್ಕೆ ಊರಿ, ಬೆನ್ನು ನೆಟ್ಟಗೆ ಮಾಡಿ, ಕುರ್ಚಿಯಲ್ಲಿ ಕೂತ ಹಾಗೆ ಸುತ್ತ ನೋಡುತ್ತಿದ್ದಳು. ಕಿವಿಯ ಹಿಂದೆ ಒಂದು ಬಿಳಿಕೂದಲಿನ ಎಳೆ, ಎಷ್ಟು ಸಿಕ್ಕಿಸಿದರೂ ಜಾರುತ್ತಿತ್ತು. ಆರು ವರ್ಷ ಸಿದ್ದಲಿಂಗಪ್ಪ ಆ ಎಳೆಯನ್ನು ನೋಡಿದ್ದ.

ಆ ಭಾನುವಾರ ಕೆರೆಯ ದಂಡೆಯಲ್ಲಿ ದೂಜ ಬನ್ಸಿನ ಪೊಟ್ಟಣ ಬಿಚ್ಚುತ್ತಿದ್ದಾಗ ವಿನೋದಿನಿ ಕೇಳಿದಳು.

“ಸಿದ್ದಲಿಂಗಪ್ಪನವರೇ, ನೀವು ಯಾವಾಗ್ಲೂ ನನ್ನ ಹಿಂದೆ ಬರೋದು ಯಾಕೆ? ಮುಂದೆ ಹೋಗ್ಬಹುದಲ್ಲ?”

“ನಿಮ್ಮ ಹಿಂದಿನ ಗಾಲಿ ಒಂದ್ ಚೂರು ವಾಲತೈತ್ರಿ ಟೀಚರ. ನೋಡ್ಕೋತ ಬರ್ತೀನಿ.”

“ಆರು ವರ್ಷದಿಂದ ವಾಲ್ತಾ ಉಂಟಾ?”

ದೂಜನಿಗೆ ಫ್ಲಾಸ್ಕಿನ ಚಹಾ ನೆತ್ತಿಗೇರಿತು. ಸಿದ್ದಲಿಂಗಪ್ಪ ಕೆರೆ ನೋಡಿದ. ಅವಳೂ ಕೆರೆ ನೋಡಿದಳು, ಆದರೆ ನಗುತ್ತಿದ್ದಳು. ಆಮೇಲೆ ಸುಮ್ಮನೆ ಎರಡೂ ಮೊಣಕಾಲು ನೀವಿಕೊಂಡಳು. ಏರು ಹತ್ತಿ ಬಂದಾಗಲೆಲ್ಲ ಹಾಗೆ ನೀವಿಕೊಳ್ಳುವುದು ಅವನಿಗೆ ಗೊತ್ತಿತ್ತು. ಯಾಕೆಂದೂ ಗೊತ್ತಿತ್ತು, ಸೀಟು ತಗ್ಗಾಗಿತ್ತು.

ಅವಳು ದೂಜನ ಜೊತೆ ನೀರಿನ ಹತ್ತಿರ ಹೋದಳು. ಸಿದ್ದಲಿಂಗಪ್ಪ ಚೀಲದಿಂದ ಪಾನಾ ತೆಗೆದ. ಸೈಕಲ್ಲಿನವರಲ್ಲಿ ಒಂದು ಕಟ್ಟಳೆ ಇದೆ, ಇನ್ನೊಬ್ಬರ ಸೀಟು ಮುಟ್ಟಬಾರದು. ಗಾಳಿ ತುಂಬಿಸಿ, ಎಣ್ಣೆ ಬಿಡಿ, ಪಂಕ್ಚರ್ ಹಾಕಿ, ಸೀಟು ಮಾತ್ರ ಅವರವರದು. ಇವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಎರಡೇ ಎರಡು ಬೆರಳು ಏರಿಸಿ, ನಟ್ಟು ಬಿಗಿದು, ಏನೂ ಅರಿಯದವನ ಹಾಗೆ ಬನ್ಸ್ ತಿನ್ನುತ್ತ ಕೂತ.

ವಾಪಸು ಬರುವಾಗ ಅವಳು ಹಕ್ಕಿಯಂತೆ ಹಾರಿದಳು. “ಇವತ್ತು ಗಾಳಿ ನಮ್ಮ ಕಡೆ ಉಂಟು ಮಾರಾಯ್ರೆ!” ಎಂದು ತಿರುಗಿ ಕೂಗಿದಳು. ಸಿದ್ದಲಿಂಗಪ್ಪನ ಎದೆ ಉಬ್ಬಿತು. ವಿಕ್ರೋಳಿಯ ಹತ್ತಿರ ಹಾಲಿನವರ ತಬೇಲಾದ ಎಮ್ಮೆಗಳು ರಸ್ತೆಗೆ ಅಡ್ಡ ಬಂದವು. ಅವಳು ಬ್ರೇಕ್ ಹಿಡಿದಳು, ಎಂದಿನಂತೆ ಕೂತಲ್ಲೇ ಎರಡೂ ಕಾಲು ಕೆಳಗೆ ಬಿಟ್ಟಳು. ಕಾಲಿಗೆ ನೆಲ ಸಿಗಲಿಲ್ಲ. ಸೈಕಲ್ ಸಮೇತ ಉರುಳಿದಳು.

ಎಡ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು, ಆರು ವಾರ ಪ್ಲಾಸ್ಟರ್. ಅದು ದೊಡ್ಡದಲ್ಲ. ಟ್ಯಾಕ್ಸಿಯಲ್ಲಿ ಅವಳು ಅಂದ ಮಾತು ದೊಡ್ಡದು.

“ಇಪ್ಪತ್ತೈದು ವರ್ಷದಿಂದ ಹೀಗೇ ನಿಲ್ಲಿಸ್ತಾ ಬಂದೆ. ಇವತ್ತು ಕಾಲು ಇಟ್ರೆ ನೆಲವೇ ಇಲ್ಲ. ನಂಗೆ ವಯಸ್ಸಾಯ್ತು. ಸಾಕು.”

ಹೇಳಬೇಕಿತ್ತು, ಆಗಲೇ ಹೇಳಬೇಕಿತ್ತು. ಸಿದ್ದಲಿಂಗಪ್ಪ ಟ್ಯಾಕ್ಸಿಯ ಬಾಡಿಗೆ ಎಣಿಸಿ ಕೊಟ್ಟ, ಅಷ್ಟೇ. ಆರು ವಾರ ಮೋಸಂಬಿ ಹಿಡಿದುಕೊಂಡು ಅವಳ ಅಣ್ಣನ ಬಿಲ್ಡಿಂಗಿನ ಮೆಟ್ಟಿಲು ಹತ್ತಿದ. ಹತ್ತುವಾಗ ಇವತ್ತು ಹೇಳಿಯೇಬಿಡುತ್ತೇನೆ ಅಂದುಕೊಳ್ಳುವುದು, ಇಳಿಯುವಾಗ ತನ್ನನ್ನೇ ಬೈದುಕೊಳ್ಳುವುದು. ಬಿದ್ದ ಸೈಕಲ್ ಹಾಗೇ ಮೆಟ್ಟಿಲಿನ ಕೆಳಗೆ ಧೂಳು ತಿನ್ನುತ್ತಿತ್ತು.

ಒಂದು ದಿನ ಅವಳು ಬಸ್ಸಿನಿಂದ ಇಳಿಯುವುದನ್ನು ದೂರದಿಂದ ಕಂಡ. ಪ್ಲಾಸ್ಟರ್ ಬಿಚ್ಚಿ ವಾರವಾಗಿತ್ತು. ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದು ಕಾಲು ಕೆಳಗೆ ಚಾಚಿ, ನೆಲ ಇದೆಯೋ ಇಲ್ಲವೋ ಎಂದು ತಡವಿ ತಡವಿ ಇಳಿದಳು. ಕಂಡಕ್ಟರ್, “ಆಜೀ, ಲೌಕರ್!” ಎಂದು ಬೇಗ ಇಳಿಯಲು ಗದರಿದ. ಅಜ್ಜಿಯಂತೆ! ಪವಾಯಿಯ ಏರನ್ನು ಹಾಡು ಗುನುಗುತ್ತ ಹತ್ತಿದವಳು.

ಅದೇ ಸಂಜೆ ದೂಜ ಹೇಳಿದ, “ಭಾನುವಾರ ಅಂಧೇರಿಯಿಂದ ಯಾರೋ ಬರ್ತಾರಂತೆ, ಟೀಚರ್ ಸೈಕಲ್ ಕೊಟ್ಟುಬಿಡ್ತಾರಂತೆ. ಅಣ್ಣನಿಗೂ ಅದೇ ಬೇಕಿತ್ತು.”

ಸಿದ್ದಲಿಂಗಪ್ಪ ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ.

“ಬೇರೆಯವರ ಸೀಟಿಗೆ ಕೈಹಾಕಿದ್ರಾ?” ದೂಜ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದೇ ನಿಂತ. “ನಿಮ್ಗೆ ಮಂಡೆ ಸಮ ಉಂಟಾ ಮಾರಾಯ್ರೆ?” ಆಮೇಲೆ ದನಿ ತಗ್ಗಿಸಿದ. “ಹೇಳ್ಬೇಡಿ. ಹೇಳಿದ್ರೆ ಜನ್ಮದಲ್ಲಿ ನಿಮ್ಮ ಮುಖ ನೋಡ್ಲಿಕ್ಕಿಲ್ಲ. ಸುಮ್ನಿದ್ರೆ ವಾರಕ್ಕೊಮ್ಮೆ ಮೋಸಂಬಿ ಕೊಟ್ಟಾದ್ರೂ ಬರ್ಬಹುದು.”

“ನನ್ನ ಮುಖ ನೋಡದಿದ್ರ ಬಿಡ್ಲಿ ದೂಜಣ್ಣ,” ಅಂದ ಸಿದ್ದಲಿಂಗಪ್ಪ. “ತನ್ನ ಕಾಲು ತಾನು ನಂಬದಂಗ ಆಗ್ಯಾರ ಅವ್ರು. ಅದನ್ನ ನೋಡ್ಕೋತ ನಾ ಹೆಂಗ ಇರ್ಲಿ?”

ಭಾನುವಾರ ಬೆಳಿಗ್ಗೆ ಅವನು ಹೋದಾಗ ವಿನೋದಿನಿ ಬಿಲ್ಡಿಂಗಿನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಕೊಡುವ ಮೊದಲು ಸೈಕಲ್ ಒರೆಸುತ್ತಿದ್ದಳು. ಬೆಲ್ಲಿನ ಬಟ್ಟಲನ್ನು ಸೆರಗಿನಿಂದ ತಿಕ್ಕುತ್ತಿದ್ದಳು. ಕಣ್ಣು ಕೆಂಪಗಿತ್ತು.

“ಟೀಚರ, ನಿಮ್ಮ ಕಾಲಿಗೆ ಏನೂ ಆಗಿಲ್ರಿ.” ನಿಂತಲ್ಲೇ ಹೇಳಿಬಿಟ್ಟ. “ಸೀಟು ನಾನ ಏರಿಸಿದ್ದೆರಿ. ಕೆರಿ ದಂಡ್ಯಾಗ. ನಿಮಗ ಹೇಳದನ. ಎರಡು ಬೆರಳು.”

ಅವಳ ಕೈ ನಿಂತಿತು. ಸೀಟು ನೋಡಿದಳು, ಅವನನ್ನು ನೋಡಿದಳು. ಎದ್ದು, ಸೀಟಿನ ಪಕ್ಕ ನಿಂತು ತನ್ನ ಸೊಂಟಕ್ಕೆ ಅಳತೆ ಹಿಡಿದಳು.

“ಹಾಗಾದ್ರೆ… ನೆಲ ಅಲ್ಲೇ ಇತ್ತು?”

“ಅಲ್ಲೇ ಇತ್ರಿ.”

“ಏಳು ವಾರ!” ಅವಳ ದನಿ ಏರಿತು, ಮೇಲಿನ ಗ್ಯಾಲರಿಯಲ್ಲಿ ಅಣ್ಣ ಇಣುಕಿದ. “ರಸ್ತೆ ದಾಟ್ಲಿಕ್ಕೂ ಹೆದರಿಕೊಂಡು ಬದುಕಿದೆ ನಾನು! ಯಾಕೆ ಮುಟ್ಟಿದ್ರಿ ನನ್ನ ಸೀಟು?”

“ನಿಮ್ಮ ಮೊಣಕಾಲು ನೋಯ್ತಿತ್ರಿ. ನನಗ ನೋಡಾಕ ಆಗ್ಲಿಲ್ಲ.”

“ನನ್ನ ಮೊಣಕಾಲು ನೋವಾದ್ರೆ ನಿಮ್ಗೆಂತ?”

“ನೀವಂದ್ರ ನನಗ ಜೀವ್ರಿ. ಗಾಲಿ ಎಂದೂ ವಾಲಿಲ್ಲ. ನಿಮ್ಮನ್ನ ನೋಡ್ಕೋತ ಬರಾಕ ಹಿಂದ ಬರ್ತಿದ್ದೆ.”

ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಸೀಟಿನ ಕಡೆ ಬೆರಳು ತೋರಿಸಿದಳು. “ಇಳಿಸಿ ಮೊದಲು.”

ಇಳಿಸಿದ. ಚೀಲದ ಪಾನಾದಿಂದಲೇ ನಟ್ಟು ಬಿಗಿದ. ಅವಳು ಸೆರಗು ಸಿಕ್ಕಿಸಿ ಹತ್ತಿದಳು, ಮೊದಲು ತೂಗಾಡಿದಳು, ಹ್ಯಾಂಡಲ್ ನೆಟ್ಟಗಾಯಿತು. ಅಂಗಳದಲ್ಲಿ ಒಂದು ಸುತ್ತು ಬಂದು ಅವನ ಮುಂದೆ ಹಾಯುವಾಗ ಹೇಳಿದಳು:

“ನಂಗೆ ನಿಮ್ಮ ಮೇಲೆ ತುಂಬಾ ಸಿಟ್ಟುಂಟು.”

“ಹೌದ್ರಿ.”

ಇನ್ನೊಂದು ಸುತ್ತು. “ಇನ್ನೂ ಉಂಟು.”

“ಇರ್ಲಿರಿ.”

ನಡುವೆ ಬ್ರೇಕ್ ಹಿಡಿದು, ಕೂತಲ್ಲೇ ಎರಡೂ ಪಾದ ನೆಲಕ್ಕೆ ಊರಿ ನಿಂತಳು. ನಿಂತಳು ಎಂದರೆ ಸುಮ್ಮನೆ ಅಲ್ಲ, ಪಾದಗಳನ್ನು ಎರಡು ಮೂರು ಸಲ ಎತ್ತಿ ಇಟ್ಟು ನೋಡಿಕೊಂಡು, ಮಗುವಿನ ಹಾಗೆ ನಕ್ಕಳು. ಮತ್ತೆ ಪೆಡಲ್ ತುಳಿದಳು. ಬಿಲ್ಡಿಂಗಿನ ಎಲ್ಲ ಗ್ಯಾಲರಿಗಳಲ್ಲೂ ಈಗ ಜನ. “ವಿನೋದಿನೀ, ಎಂತ ಇದು? ಅಂಧೇರಿಯವರು ಬರುವ ಹೊತ್ತಾಯ್ತು!” ಎಂದು ಅಣ್ಣ ಮೇಲಿಂದ ಕೂಗಿದ.

“ಅವ್ರಿಗೆ ಚಹಾ ಕೊಟ್ಟು ಕಳಿಸು. ಸೈಕಲ್ ಇಲ್ಲ!”

ಮುಂದಿನ ಸುತ್ತಿಗೆ ಅವಳ ಮುಖ ಕೆಂಪಾಗಿತ್ತು, ಉಸಿರು ಏರಿತ್ತು. ಸಿದ್ದಲಿಂಗಪ್ಪನ ಹತ್ತಿರ ಬಂದಾಗ ವೇಗ ತಗ್ಗಿಸಿದಳು, ನಿಲ್ಲಿಸಲಿಲ್ಲ.

“ಅಣ್ಣ ಮೇಲೆ ಇದ್ದಾನೆ. ಹೋಗಿ ಮಾತಾಡಿ.”

ಅವನಿಗೆ ಅರ್ಥವಾಗಲು ಅವಳು ಅರ್ಧ ಅಂಗಳ ದಾಟಬೇಕಾಯಿತು. “ಟೀಚರ, ಏನಂತ ಕೇಳ್ಲಿರಿ?” ಎಂದು ಹಿಂದೆ ಓಡಿದ, ಪಾನಾ ಇನ್ನೂ ಕೈಯಲ್ಲೇ ಇತ್ತು.

“ಕೇಳ್ಲಿಕ್ಕೆ ಹೋಗ್ಬೇಡಿ,” ಅಂದಳು ವಿನೋದಿನಿ, ಬಿಳಿಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತ. “ಐವತ್ತೆರಡು ವರ್ಷ ಆಯ್ತು ನಂಗೆ. ಹೇಳಿ ಬನ್ನಿ, ಸಾಕು. ಅಷ್ಟರಲ್ಲಿ ನಾನು ಇನ್ನೊಂದು ಸುತ್ತು ಹೊಡೀತೇನೆ.”