ಉಮಾಳ ಅವ್ವ ಮಾತಾಡಲಿಲ್ಲ

"ನಿಮ್ಮವ್ವನ ಸೋಗು ಹಾಕಿ ಇನ್ನ ಯಾರನ್ನೂ ನಗಸಂಗಿಲ್ಲ. ನಿನ್ನ ಆಣಿ."

ರೋಣದ ಕಾಲೇಜಿನಲ್ಲಿ ವಾರ್ಷಿಕೋತ್ಸವದ ಗ್ಯಾದರಿಂಗ್ ಮುಗಿದ ಸಂಜೆ ಫಕೀರೇಶ ಉಮಾಳಿಗೆ ಕೊಟ್ಟ ಮಾತದು. ಆವತ್ತು ಅವನು ಸ್ಟೇಜಿನ ಮೇಲೆ ಸೀರೆ ಉಟ್ಟು, ಅವಳವ್ವ ಗುಡ್ಡವ್ವನಂತೆಯೇ ಮಾತುಮಾತಿಗೆ "ಹೌದಿಲ್ಲೋ ನಮ್ಮಪ್ಪಾ?" ಎಂದಿದ್ದ. ಎಲ್ಲರೂ ನಕ್ಕರು. ಉಮಾಳೂ ನಕ್ಕು, ಆಮೇಲೆ ಅತ್ತಳು. ಅವನು ಆಣೆ ಮಾಡಿದ ಮೇಲೆ ಮೂಗು ಒರೆಸಿಕೊಳ್ಳುತ್ತ, ಕಣ್ಣಂಚಿನಲ್ಲೇ ನೋಡಿ, ಸೀರೆಯಲ್ಲಿ ಚಂದ ಕಾಣುತ್ತಿದ್ದೆ ಬಿಡು ಎಂದಳು. ಪ್ರೀತಿ ಶುರುವಾದದ್ದು ಅಲ್ಲಿಂದ.

ಅವನು ಬೆಂಗಳೂರಿಗೆ ಹೋದ. ಕಾಮಿಡಿ ಸೀರಿಯಲ್ಲುಗಳಲ್ಲಿ ಕ್ಲಾಪ್ ಹಿಡಿದ, ಅಸಿಸ್ಟೆಂಟ್ ಆದ, ಕೊನೆಗೆ ಡೈರೆಕ್ಟರ್ ಆದ. ಅವನ ಮೊದಲ ಸೀರಿಯಲ್ಲು ನೋಡುವವರಿಲ್ಲದೆ ನಿಲ್ಲುವ ಹಂತಕ್ಕೆ ಬಂದಾಗ, ಏನಾದರೂ ಹೊಸದು ತನ್ನಿ ಎಂದರು ಚಾನೆಲ್‌ನವರು. ಆ ವಾರವೇ ಕಥೆಯೊಳಗೆ ನಮ್ಮ ರೋಣದ ಕಡೆಯ ಒಬ್ಬ ಕೆಲಸದವಳು ಬಂದಳು. ಬಾಯಿ ತೆರೆದರೆ "ಹೌದಿಲ್ಲೋ ನಮ್ಮಪ್ಪಾ?" ನಾಡೆಲ್ಲ ನಕ್ಕಿತು.

ಇದು ಗುಡ್ಡವ್ವ ಅಲ್ಲ, ಪಾತ್ರ ಎಂದು ಅವನು ತನಗೇ ಹೇಳಿಕೊಂಡ. ಫೋನಿನಲ್ಲಿ ಉಮಾ ಆ ವಿಷಯ ಎತ್ತಲಿಲ್ಲ. ಅವನೂ ಎತ್ತಲಿಲ್ಲ.

ಡೈರೆಕ್ಟ್ ಮಾಡಲು ಸಿನಿಮಾ ಸಿಕ್ಕಿದ್ದೇ, ಯುಗಾದಿ ಮುಗಿಸಿಕೊಂಡು ಹೆಣ್ಣು ಕೇಳಲು ಉಮಾಳ ಊರು ಗಜೇಂದ್ರಗಡಕ್ಕೆ ಬಂದ.

ಉಮಾ ಮಗ್ಗದಲ್ಲಿ ಕೂತಿದ್ದಳು. ಗುಡ್ಡವ್ವ ತಲೆತುಂಬ ಸೆರಗು ಹೊದ್ದು ಬಂದು, ನೀರಿನ ತಂಬಿಗೆ ಇಟ್ಟು, ಸೊಲ್ಲೆತ್ತದೆ ಒಳಗೆ ಹೋದಳು. ಅಳಿಯನ ಮುಂದೆ ಅತ್ತೆ ಬಾಯಿ ಬಿಡಬಾರದೆಂಬ ರೀತಿಯನ್ನು ಈಗಲೇ ಹಿಡಿದಳಲ್ಲ ಎಂದು ಫಕೀರೇಶನ ಎದೆ ತುಂಬಿತು.

"ನಾ ಕೇಳೂಕಿಂತ ಮೊದಲ ನಿಮ್ಮವ್ವ ನನ್ನ ಅಳಿಯಾ ಮಾಡ್ಕೊಂಡಾಳಲ್ಲ."

ಉಮಾ ಅವನನ್ನು ನೋಡಿದಳು. ತುಟಿಯ ಅಂಚು ಹಿಂದಿನಂತೆ ಅರೆಗಳಿಗೆ ಮೇಲೆದ್ದು, ಅಲ್ಲೇ ನಿಂತಿತು.

"ಆಕಿ ಈಗ ಯಾರ ಮುಂದೂ ಮಾತಾಡಂಗಿಲ್ಲ ಫಕೀರೇಶ."

ದೀಪಾವಳಿಗೆ ಮುಂಚೆ ಕಣ್ಣು ತೋರಿಸಲು ಹೋಗಿದ್ದರಂತೆ. ಡಾಕ್ಟರರಿಗೆ ಗುಡ್ಡವ್ವ ತನ್ನ ರೂಢಿಯಂತೆ "ಹೌದಿಲ್ಲೋ ನಮ್ಮಪ್ಪಾ" ಅಂದಳು. ಪಾಳಿಯಲ್ಲಿದ್ದವರು ಗೊಳ್ಳೆಂದು ನಕ್ಕು, ಇನ್ನೊಮ್ಮೆ ಹೇಳಬೇ ಎಂದು ಮೊಬೈಲ್ ಹಿಡಿದರು. ತನ್ನದೇನು ತಪ್ಪೆಂದು ತಿಳಿಯದೆ ಮುದುಕಿ ಕೈಮುಗಿದಳು. ಈಗ ಸಂತೆಗೆ ಹೋದರೂ ಬೆರಳಿನಲ್ಲೇ ತೋರಿಸುತ್ತಾಳೆ.

ಸೀರಿಯಲ್ಲಿನಿಂದ ಆ ಪಾತ್ರ ತೆಗೆದುಬಿಡುತ್ತೇನೆ ಎಂದ ಫಕೀರೇಶ.

"ಸಿನಿಮಾದಾಗ?"

ಅವನು ತಂಬಿಗೆ ನೋಡುತ್ತ ಕೂತ. ಸಿನಿಮಾ ಪೂರ್ತಿ ಆ ಕೆಲಸದವಳದೇ. ಅವಳಿಲ್ಲದಿದ್ದರೆ ಸಿನಿಮಾನೇ ಇಲ್ಲವೆಂದು ನಿರ್ಮಾಪಕರು ಮೊದಲೇ ಹೇಳಿದ್ದರು.

"ಆಕೀನ ಬಿಟ್ರ ನನ್ನ ಕಡೆ ಏನೈತಿ ಉಮಾ? ಮಂದಿ ನಕ್ಕಿದ್ದ ಅದೊಂದಕ್ಕ."

"ನನಗ ನಿನ್ನ ಮ್ಯಾಲೆ ಜೀವ ಐತಿ. ಇಲ್ಲ ಅನ್ನಂಗಿಲ್ಲ," ಎಂದಳು ಉಮಾ. ಮಗ್ಗದ ಎಳೆ ಸರಿಪಡಿಸುತ್ತ, "ಆದ್ರ ಅವ್ವ ಮಾತಾಡೂದು ನನ್ನ ಜೋಡಿ ಅಷ್ಟ. ನಾ ನಿನ್ನ ಹಿಂದ ಬಂದ್ರ ಆಕಿ ಯಾರ ಜೋಡಿ ಮಾತಾಡಬೇಕು?"

ಫಕೀರೇಶ ಚೀಲ ಹೆಗಲಿಗೇರಿಸಿಕೊಂಡು ಎದ್ದ.

ಬಸ್ ಸ್ಟ್ಯಾಂಡಿನವರೆಗೂ ಅವಳೇ ಬಂದಳು. ಕಿಟಕಿಯ ಕೆಳಗೆ ನಿಂತು, ಹೊತ್ತಿಗೆ ಸರಿಯಾಗಿ ಉಣ್ಣು ಎಂದಳು. ಬಸ್ಸು ಹೊರಟಾಗ ಕಂಬಿ ಹಿಡಿದಿದ್ದ ಅವನ ಬೆರಳುಗಳನ್ನು ಒಮ್ಮೆ ಮುಟ್ಟಿ ಬಿಟ್ಟಳು.

ದಸರೆಗೆ ಸಿನಿಮಾ ಬಂತು. ನಮ್ಮ ಕಡೆಯ ನರಗುಂದದಲ್ಲೂ ಮಂದಿ ಬಿದ್ದು ಬಿದ್ದು ನಕ್ಕರು. ಫಕೀರೇಶ ಉಮಾಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.