ಚಕ್ರಕ್ಕೆ ಸುತ್ತಿದ ಹುರುಳಿ

ಪುರವರದ ಹತ್ತಿರ ನಾವು ಹುರುಳಿಯನ್ನು ಗಿಡಸಮೇತ ಟಾರು ರಸ್ತೆಯ ಮೇಲೆ ಹರವುತ್ತೇವೆ. ಬಸ್ಸು, ಲಾರಿ ಹರಿದರೆ ಕಾಳು ತಾನೇ ಬಿಡುತ್ತದೆ. ಹೋದ ಜನವರಿಯಲ್ಲಿ ನಮ್ಮಣ್ಣ ಪ್ರಭುದೇವ್ ಬೈಕಿನಲ್ಲಿ ಬಂದು ಅದರ ಮೇಲೆ ಜಾರಿಬಿದ್ದ. ಬಳ್ಳಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತ್ತು. ಅಣ್ಣ ಉಳಿಯಲಿಲ್ಲ. ಅಲ್ಲಿ ಹರವಿದವನು ನಾನು. ಆಮೇಲೆ ನಮ್ಮ ಮನೆಯೊಳಗೆ ಒಂದು ಕಾಳು ಹುರುಳಿಯೂ ಬಂದಿರಲಿಲ್ಲ.

ಏಪ್ರಿಲ್‌ನಲ್ಲಿ ಅಣ್ಣನ ಆ ಬೈಕನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ರಿಪೇರಿಗೆ ಕೂತೆ. ಮೊದಲು ಇಂಜಿನ್ನಿನ ಪ್ಲಗ್ ಬಿಚ್ಚಿಟ್ಟೆ. ಆಮೇಲೆ ಚಕ್ರದ ಬಳ್ಳಿಯನ್ನೆಲ್ಲ ಬ್ಲೇಡಿನಿಂದ ಕೊಯ್ದು ತೆಗೆದೆ. ಮರುದಿನ ಬೆಳಿಗ್ಗೆ ಅಷ್ಟೇ ಬಳ್ಳಿ ಮತ್ತೆ ಸುತ್ತಿತ್ತು. ಮತ್ತೆ ಕೊಯ್ದೆ. ಮೂರನೆಯ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದ ಅಮ್ಮ ಬೈಕಿನ ಪಕ್ಕದಿಂದ ಸರಕ್ಕನೆ ಹಿಂದೆ ಸರಿದಳು.

“ಸೈಲೆನ್ಸರ್ ತಾಗಿ ಕಾಲು ಸುಡ್ತು ಕಣ್ಲಾ. ಇಷ್ಟೊತ್ಗೇ ಎಲ್ಲಿಗೋಗಿದ್ದೆ?”

“ಎಲ್ಲೂ ಇಲ್ಲ ಕಣಮ್ಮ. ಪ್ಲಗ್ಗೇ ಹಾಕಿಲ್ಲ,” ಅಂದೆ.

ಅಮ್ಮ ಬಗ್ಗಿ ನೋಡಿದಳು. ಚಕ್ರದ ಕೆಳಗೆ ಒಂದು ಹಿಡಿ ಹುರುಳಿಕಾಳು ಬಿದ್ದಿತ್ತು. ಗುಡಿಸಿ ಬೇಲಿಯಾಚೆ ಚೆಲ್ಲಿದಳು.

ಅವತ್ತು ಚಕ್ರವನ್ನೇ ಬಿಚ್ಚಿ, ತೊಳೆದು, ಒಳಗೆ ನನ್ನ ಮಂಚದ ಕೆಳಗಿಟ್ಟು ಮಲಗಿದೆ. ಬೆಳಿಗ್ಗೆ ಏಳುವಾಗ ಕೋಣೆಯಲ್ಲಿ ಬಿಸಿಲಿಗೆ ಕಾದ ಟಾರಿನ ವಾಸನೆಯಿತ್ತು. ಅಮ್ಮ ಮಂಚದ ಕೆಳಗೆ ಪೊರಕೆ ಆಡಿಸಿ ಹುರುಳಿಕಾಳನ್ನು ಹೊರಗೆಳೆದಳು. ಹೋಗಿ ಮೊರ ತಂದು ಕಾಳನ್ನು ತುಂಬಿಕೊಂಡಳು.

ಮಧ್ಯಾಹ್ನ ಮುದ್ದೆಗೆ ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ಇಬ್ಬರೂ ಉಂಡೆವು.